ಗಾಳಿ ಜೋರು, ದೋಣಿಯಲ್ಲಿ ಇಬ್ಬರೇ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಕಲಬುರಗಿ, ಬೀದರ್, ಯಾದಗಿರಿ ಕಡೆಯವು. ಕಡಲಿನಿಂದ ಇಷ್ಟು ದೂರ ಇರುವವರಿಗೆ ಹಾಯಿದೋಣಿಯ ಹುಚ್ಚು ಹಿಡಿದದ್ದು ಹೇಗೆಂದು ಕೇಳಬೇಡಿ. ಹುಸೇನ್ ಸಾಗರ ಕಲಬುರಗಿಯಿಂದ ಒಂದು ರೈಲಿನ ದಾರಿ ಅಷ್ಟೆ.

ಪ್ರಶ್ನೆ: ನಾವು ಗಂಡ-ಹೆಂಡತಿ ಹುಸೇನ್ ಸಾಗರದಲ್ಲಿ ಸಣ್ಣ ಹಾಯಿದೋಣಿ ನಡೆಸಲು ಕಲಿತಿದ್ದೇವೆ. ಪರಿಚಯದವರೊಬ್ಬರು ತಮ್ಮ 31 ಅಡಿಯ ಕೀಲ್ ದೋಣಿಯನ್ನು (ತಳದಿಂದ ನೀರಿನೊಳಕ್ಕೆ ಇಳಿದ ಭಾರದ ರೆಕ್ಕೆ ಇರುವಂಥದ್ದು) ಜನವರಿ ಕೊನೆಗೆ ಕಾರವಾರದಿಂದ ಮಲ್ಪೆಗೆ ಮುಟ್ಟಿಸಿ ಎನ್ನುತ್ತಿದ್ದಾರೆ. ಇಬ್ಬರೇ ಹೋಗಬಹುದೇ? ಗಾಳಿ ಎಷ್ಟಿದ್ದರೆ ಹೊರಡಬಾರದು?
— ದಂಪತಿ, ಕಲಬುರಗಿ

ಉತ್ತರ: ಹೋಗಬಹುದು, ಆದರೆ ಮೊದಲ ಸಲವೇ ನೇರ ಮಲ್ಪೆಗೆ ಬೇಡ. ಸಮುದ್ರದ ಹಾದಿ ಸುಮಾರು 93 ನಾಟಿಕಲ್ ಮೈಲಿ, ಅಂದರೆ 170 ಕಿಲೋಮೀಟರ್ ಮೇಲೆ. ಸರಾಸರಿ 5 ನಾಟ್, ಅಂದರೆ ತಾಸಿಗೆ 5 ನಾಟಿಕಲ್ ಮೈಲಿ ವೇಗ ಸಿಕ್ಕರೂ 18-19 ತಾಸು ಬೇಕು. ಒಂದು ರಾತ್ರಿ ನೀರಿನ ಮೇಲೆ ಕಳೆಯುವುದು ತಪ್ಪದು. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ಮಲಗಿದರೆ ಎಚ್ಚರವಿರುವವರು ಒಬ್ಬರೇ. ಹಾಗಾಗಿ ಇಬ್ಬರಲ್ಲಿ ಯಾರೇ ಆಗಲಿ, ಒಂಟಿಯಾಗಿ ದೋಣಿ ನಡೆಸಿ, ಹಾಯಿ ಮಡಚಿ, ನಿಲ್ಲಿಸಲು ಬರುವವರೆಗೆ ದೂರದ ಪಯಣ ಹಿಡಿಯಬಾರದು.

ಆ ಕಾಲದ ಗಾಳಿಗೆ ಒಂದು ದಿನಚರಿ ಇದೆ. ನಸುಕಿನಲ್ಲಿ ಘಟ್ಟದ ಕಡೆಯಿಂದ ನೆಲಗಾಳಿ ಬೀಸುತ್ತದೆ, ಪೂರ್ವ ಇಲ್ಲವೇ ಈಶಾನ್ಯದಿಂದ. ಹತ್ತು-ಹನ್ನೊಂದಕ್ಕೆ ಅದು ಸೋತು ನಿಲ್ಲುತ್ತದೆ. ನಡುಹಗಲಿನ ಹೊತ್ತಿಗೆ ವಾಯುವ್ಯದಿಂದ ಕಡಲಗಾಳಿ ಏಳುತ್ತದೆ, ಮೂರು-ನಾಲ್ಕು ಗಂಟೆಗೆ ಅದರ ಜೋರು, ಹೊತ್ತು ಮುಳುಗಿದ ಮೇಲೆ ಇಳಿತ. ಮಲ್ಪೆಗೆ ಹೋಗುವವರಿಗೆ ಈ ವಾಯುವ್ಯ ಗಾಳಿ ಬೆನ್ನಿಗೆ ಬರುತ್ತದೆ, ಮರಳುವವರಿಗೆ ಎದೆಗೆ. ಅರಬ್ ಕೊಲ್ಲಿಯ ಕಡೆ ಶಮಾಲ್ ಎಂಬ ವಾಯುವ್ಯ ಗಾಳಿ ಜೋರಾದರೆ ಅದರ ಅಲೆಗಳು ಒಂದೆರಡು ದಿನದಲ್ಲಿ ನಮ್ಮ ಕರಾವಳಿಯನ್ನೂ ಮುಟ್ಟುತ್ತವೆ. ಆಕಾಶ ತಿಳಿಯಾಗಿದ್ದು ಸಮುದ್ರ ಮಾತ್ರ ಎದ್ದಿರುವ ದಿನಗಳು ಅವೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ 1.5 ಮೀಟರ್ ಎಂದಿದ್ದರೆ ಅದು ದೊಡ್ಡ ಅಲೆಗಳ ಸರಾಸರಿ. ನಡುನಡುವೆ ಅದರ ಎರಡು ಪಟ್ಟಿನ ಹತ್ತಿರದ ಅಲೆಯೂ ಬರುತ್ತದೆ ಎಂದೇ ಲೆಕ್ಕ ಹಾಕಿ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ ಓದಿ. ಅದರಲ್ಲಿ ಮೀನುಗಾರರು ಕಡಲಿಗಿಳಿಯಬಾರದು ಎಂದಿದ್ದರೆ ನಿಮ್ಮ ಚರ್ಚೆ ಅಲ್ಲಿಗೆ ಮುಗಿಯಿತು.

ಇನ್ನು ಗಾಳಿಯ ಮಿತಿ. ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 15 ನಾಟ್ 21ಕ್ಕೆ ಏರಿದರೂ ಸಾಕು, ಹಗ್ಗದ ಮೇಲಿನ ಭಾರ ಹೆಚ್ಚುಕಮ್ಮಿ ಇಮ್ಮಡಿ. ನಿಮ್ಮಂಥ ಹೊಸಬರಿಗೆ ನಮ್ಮ ಲೆಕ್ಕ ಹೀಗಿದೆ: 15 ನಾಟ್‌ಗೆ ಮೊದಲ ರೀಫ್ (ಹಾಯಿಯ ಒಂದು ಪಾಲು ಮಡಚಿ ಕಿರಿದು ಮಾಡುವುದು), 20ಕ್ಕೆ ಎರಡನೆಯದು, ಮುನ್ಸೂಚನೆಯಲ್ಲಿ 25 ಕಂಡರೆ ಲಂಗರು ಎತ್ತಬೇಡಿ. 25 ನಾಟ್ ಎಂದರೆ ತಾಸಿಗೆ 46 ಕಿಲೋಮೀಟರ್. ಆಷಾಢದಲ್ಲಿ ಕೊಡೆ ಹಿಡಿದು ನಡೆಯಲಾಗದ ಗಾಳಿ ಅಂತೀವಲ್ಲ, ಅದು. ಹಳೆಯ ನಾವಿಕರು ಇದಕ್ಕಿಂತ ಹೆಚ್ಚಿನ ಅಂಕಿ ಹೇಳಿಯಾರು. ಅವರ ಕೈ ಬೇರೆ, ನಿಮ್ಮ ಕೈ ಬೇರೆ.

ಬೆನ್ನ ಹಿಂದಿನ ಗಾಳಿ ಮೋಸ ಮಾಡುವುದು ಇಲ್ಲೇ. 20 ನಾಟ್ ಗಾಳಿ ಹಿಂದಿನಿಂದ ಬರುತ್ತಿದ್ದು ದೋಣಿ 6 ನಾಟ್ ಓಡುತ್ತಿದ್ದರೆ ನಿಮಗೆ ತಾಕುವುದು 14 ಮಾತ್ರ. ‘ಏನ್ ಹಿತವಾಗಿದೆ’ ಅನಿಸುತ್ತದೆ. ಯಾವುದೋ ಕಾರಣಕ್ಕೆ ದೋಣಿ ತಿರುಗಿಸಿ ಗಾಳಿಗೆ ಮುಖ ಮಾಡಿದಿರೋ, ಅದೇ ಗಾಳಿ 25 ಆಗಿ ಬಡಿಯುತ್ತದೆ, ಒತ್ತಡ ಮೂರು ಪಟ್ಟು. ಆದ್ದರಿಂದ ಬೆನ್ನುಗಾಳಿಯಲ್ಲಿ ರೀಫ್ ಹಾಕುವ ಹೊತ್ತನ್ನು ಅಲೆಯ ತಲೆ ನೋಡಿ ನಿರ್ಧರಿಸಿ, ಕೆನ್ನೆಗೆ ತಾಗುವ ಗಾಳಿ ನಂಬಿ ಅಲ್ಲ. ಎಲ್ಲೆಲ್ಲೂ ಬಿಳಿ ನೊರೆ ಕಂಡರೆ ಗಾಳಿ ಆಗಲೇ 17 ದಾಟಿದೆ.

ಮೊದಲು ಒಂದು ಸಣ್ಣ ಓಟ ಮಾಡಿ. ಮಧ್ಯಾಹ್ನ ಒಂದಕ್ಕೆ ಕಾರವಾರದಿಂದ ಹೊರಟು ಬೇಲೆಕೇರಿ ಕೊಲ್ಲಿಗೆ, ಹೊರಸುತ್ತು ಹಾಕಿದರೂ ಸುಮಾರು 15 ಮೈಲಿ. ಅರಗಾದ ನೌಕಾನೆಲೆ ಮತ್ತು ಆಂಜುದೀವ ದ್ವೀಪದ ಹತ್ತಿರ ಸುಳಿಯಬೇಡಿ, ನಕ್ಷೆಯಲ್ಲಿ ಗುರುತಿಸಿದ ನಿರ್ಬಂಧದ ಗೆರೆಯಿಂದ ಆಚೆಗೇ ಇರಿ. ಕತ್ತಲಾಗುವ ಮುಂಚೆ ಲಂಗರು. ನೀರಿನ ಆಳ 5 ಮೀಟರ್, ಉಬ್ಬರಕ್ಕೆ 2, ನೀರಿನಿಂದ ದೋಣಿಯ ಮೂತಿಯ ಎತ್ತರ 1, ಒಟ್ಟು 8. ಅದರ ಐದು ಪಟ್ಟು, ಅಂದರೆ 40 ಮೀಟರ್ ಸರಪಳಿ ಬಿಡಿ. ಹಗ್ಗವಾದರೆ ಏಳು ಪಟ್ಟು. ಅಲೆ ಒಳಹೊಕ್ಕು ದೋಣಿ ಹೊರಳಾಡುತ್ತಿದ್ದರೆ ಉತ್ತರದ ಭೂಶಿರದ ಮರೆಗೆ ಸರಿದು ಮತ್ತೆ ಲಂಗರು ಹಾಕಿ. ಮರುದಿನ ಬೆಳಕು ಹರಿಯುತ್ತಲೇ ನೆಲಗಾಳಿಯಲ್ಲಿ ಹಿಂದಿರುಗಿ. ಬಲಬದಿಯಿಂದ ಬರುವ ಆ ಗಾಳಿಯಲ್ಲಿ ದೋಣಿ ಹಾಯಾಗಿ ಓಡುತ್ತದೆ. ಎದುರುಗಾಳಿಯೊಡನೆ ಗುದ್ದಾಡುವ ಕಷ್ಟ ಪೂರ್ತಿ ತಪ್ಪುತ್ತದೆ.

ಇದು ಎರಡು ಸಲ ಸಲೀಸಾದರೆ ಮಲ್ಪೆ. ಆಗಲೂ ಬೆಳಗ್ಗೆ ಹೊರಡಬೇಡಿ. ಬೆಳಗ್ಗೆ ಐದಕ್ಕೆ ಹೊರಟರೆ ಗೊತ್ತಿಲ್ಲದ ಬಂದರನ್ನು ನಡುರಾತ್ರಿ ಮುಟ್ಟುತ್ತೀರಿ. ಮಧ್ಯಾಹ್ನ ಎರಡಕ್ಕೆ, ಲಂಗರಿನಲ್ಲಿದ್ದಾಗಲೇ ಮೊದಲ ರೀಫ್ ಹಾಕಿಕೊಂಡು ಹೊರಡಿ. ರಾತ್ರಿ ಗಾಳಿ ಇಳಿದಿರುತ್ತದೆ, ಬೆಳಗ್ಗೆ ಒಂಬತ್ತರ ಸುಮಾರಿಗೆ, ಕಡಲಗಾಳಿ ಏಳುವ ಮುಂಚೆ ಮಲ್ಪೆ. ರಾತ್ರಿ ಮೂರು ಮೂರು ತಾಸಿನ ಪಾಳಿ. ರಾತ್ರಿಯ ತೊಂದರೆ ಗಾಳಿಯದಲ್ಲ, ಬಲೆಯದು. ಮಿನುಗುವ ದೀಪ ಕಟ್ಟಿದ ಬಲೆಗಳಿರುತ್ತವೆ, ದೀಪವಿಲ್ಲದ ದೋಣಿಗಳೂ ಇರುತ್ತವೆ. ಇಂಜಿನ್ ಓಡುತ್ತಿದ್ದು ಬಲೆ ಸಿಕ್ಕಿತೆನಿಸಿದರೆ ಮೊದಲು ನ್ಯೂಟ್ರಲ್, ಆಮೇಲೆ ಯೋಚನೆ.

ಪ್ರಶ್ನೆ: ನನ್ನ ತೂಕ 52 ಕಿಲೋ, ಎತ್ತರ ಐದಡಿ. ಚುಕ್ಕಾಣಿ ಯಾವಾಗಲೂ ನಮ್ಮವರ ಕೈಯಲ್ಲೇ. ಜೋರು ಗಾಳಿಯಲ್ಲಿ ನಾನೊಬ್ಬಳೇ ರೀಫ್ ಹಾಕಲು ಆಗುತ್ತದೆಯೇ? ಅವರೇ ನೀರಿಗೆ ಬಿದ್ದರೆ?
— ಓದುಗರು, ಸೇಡಂ

ಉತ್ತರ: ಮೊದಲು ಆ ‘ಯಾವಾಗಲೂ’ ತೆಗೆದುಹಾಕಿ, ಅಕ್ಕಾವ್ರೆ. ದಿನಕ್ಕೆ ಅರ್ಧ ಹೊತ್ತಾದರೂ ಚುಕ್ಕಾಣಿ ನಿಮ್ಮ ಕೈಯಲ್ಲಿರಲಿ, ಹಗ್ಗ ಅವರ ಕೈಯಲ್ಲಿರಲಿ. ರೀಫ್ ಹಾಕಲು ಬೇಕಿರುವುದು ತೋಳಿನ ಬಲವಲ್ಲ, ಕೆಲಸದ ಸರದಿ.

ದೋಣಿಯನ್ನು ನಿಲ್ಲಿಸಿಕೊಂಡು ರೀಫ್ ಹಾಕುವುದು ಇಬ್ಬರ ದೋಣಿಗೆ ಹೇಳಿಮಾಡಿಸಿದ ಪದ್ಧತಿ. ಎದುರುಗಾಳಿಗೆ ಓರೆಯಾಗಿ ಬಂದು, ಮುಂದಿನ ಜಿಬ್ ಹಾಯಿಯ ಹಗ್ಗ ಬಿಡದೆಯೇ ದೋಣಿಯ ಮೂತಿಯನ್ನು ಗಾಳಿಯ ಇನ್ನೊಂದು ಬದಿಗೆ ದಾಟಿಸಿ. ಜಿಬ್ ಉಲ್ಟಾ ಉಬ್ಬಿ ಮೂತಿಯನ್ನು ದೂಡತೊಡಗುತ್ತದೆ. ಈಗ ಚುಕ್ಕಾಣಿಯ ಚಕ್ರವನ್ನು ಗಾಳಿ ಬರುವ ಬದಿಗೆ ಪೂರ್ತಿ ತಿರುಗಿಸಿ ಕಟ್ಟಿಬಿಡಿ. ಹಿಡಿಕೋಲಿನ ಚುಕ್ಕಾಣಿಯಾದರೆ ಗಾಳಿ ಹೋಗುವ ಬದಿಗೆ. ಹಾಯಿ ಒಂದು ಕಡೆ ತಿರುಗಿಸುತ್ತದೆ, ಚುಕ್ಕಾಣಿ ಇನ್ನೊಂದು ಕಡೆ. ಎರಡೂ ಸಮಬಲವಾಗಿ ದೋಣಿ ತಾಸಿಗೆ ಒಂದೆರಡು ಮೈಲಿ ಮಾತ್ರ ತೇಲುತ್ತ ಶಾಂತವಾಗುತ್ತದೆ. ಮೊದಲ ಸಲ ನೋಡಿದವರಿಗೆ ಗಾಳಿಯೇ ನಿಂತುಹೋಯಿತೇನೋ ಅನ್ನಿಸುತ್ತದೆ. ಒಂದು ಎಚ್ಚರ: ವಾಯುವ್ಯ ಗಾಳಿಯಲ್ಲಿ ಆ ತೇಲಾಟ ದಡದ ಕಡೆಗೇ. ದಡ ಐದು ಮೈಲಿಯಾದರೂ ಆಚೆಗಿರಲಿ.

ಆಮೇಲೆ ಈ ಸರದಿ. ಬೂಮನ್ನು (ದೊಡ್ಡ ಹಾಯಿಯ ಕೆಳಗಂಚಿನ ಅಡ್ಡಮರ) ಹಿಡಿದಿರುವ ಮೇನ್‌ಶೀಟ್ ಹಗ್ಗ ಸಡಿಲಿಸಿ. ಬೂಮನ್ನು ಕೆಳಕ್ಕೆ ಜಗ್ಗಿರುವ ವ್ಯಾಂಗ್ ಸಡಿಲಿಸಿ. ಬೂಮಿನ ತುದಿಯನ್ನು ಮೇಲಿನಿಂದ ಹಿಡಿಯುವ ಟಾಪಿಂಗ್ ಲಿಫ್ಟ್ ಬಿಗಿ ಮಾಡಿ, ಇಲ್ಲದಿದ್ದರೆ ಬೂಮ್ ತಲೆಯ ಮೇಲೆ ಇಳಿಯುತ್ತದೆ. ಹಾಯಿ ಏರಿಸುವ ಹಾಲ್ಯಾರ್ಡ್ ಹಗ್ಗವನ್ನು ಮೊದಲೇ ಗುರುತು ಮಾಡಿದ ಜಾಗದವರೆಗೆ ಇಳಿಸಿ. ಕೂವೆಮರದ ಬದಿಯ ರೀಫ್ ಕಣ್ಣನ್ನು (ಹಾಯಿಯ ಅಂಚಿನ ಬಳೆ ಹಾಕಿದ ತೂತು) ಬೂಮಿನ ಬುಡದ ಕೊಕ್ಕೆಗೆ ಸಿಕ್ಕಿಸಿ. ಹಾಲ್ಯಾರ್ಡನ್ನು ವಿಂಚ್‌ನಿಂದ (ಹಗ್ಗ ಸುತ್ತಿ ಎಳೆಯುವ ಉರುಳೆ) ಮತ್ತೆ ಬಿಗಿ ಎಳೆಯಿರಿ. ಈಗ ಹಿಂದಿನ ಅಂಚಿನ ರೀಫ್ ಹಗ್ಗವನ್ನು ಕಣ್ಣು ಬೂಮಿಗೆ ತಾಗುವವರೆಗೆ ಎಳೆಯಿರಿ. ಕೊನೆಗೆ ಟಾಪಿಂಗ್ ಲಿಫ್ಟ್ ಸಡಿಲ, ವ್ಯಾಂಗ್ ಬಿಗಿ, ಮೇನ್‌ಶೀಟ್ ಎಳೆತ. ನಿಂತ ನೀರಿನಲ್ಲಿ ಹತ್ತು ಸಲ ಮಾಡಿ ನೋಡಿ, ಐದು ನಿಮಿಷದೊಳಗೆ ಬರಬೇಕು.

ಕೆಡುವುದು ಎಲ್ಲಿ? ಬಹುಪಾಲು ವ್ಯಾಂಗ್ ಮರೆತಾಗ. ಬೂಮ್ ಮೇಲೇಳಲಾರದು, ಹಿಂದಿನ ಕಣ್ಣು ಕೆಳಗಿಳಿಯಲಾರದು. ಬಲ ಸಾಲದೆಂದು ವಿಂಚ್ ತಿರುಗಿಸಿದರೆ ಬಟ್ಟೆ ಹರಿಯುತ್ತದೆ. ವಿಂಚ್ ಬಿಗಿಯಾಯಿತೆಂದರೆ ಕೈ ನಿಲ್ಲಿಸಿ, ಏನು ಮರೆತಿರಿ ಎಂದು ಮೇಲೆ ನೋಡಿ. ಇನ್ನೊಂದು, ಹಾಲ್ಯಾರ್ಡ್ ಸಾಕಷ್ಟು ಬಿಗಿಯಾಗದಿರುವುದು. ಆಗ ಹಾಯಿ ಜೋಳಿಗೆಯಂತೆ ಉಬ್ಬಿ, ಬಟ್ಟೆ ಕಡಿಮೆಯಾದರೂ ದೋಣಿ ವಾಲುವುದು ಕಡಿಮೆಯಾಗದು. ಮಡಿಕೆ ಕಟ್ಟುವ ಸಣ್ಣ ದಾರಗಳನ್ನು ಬಟ್ಟೆಯ ಸುತ್ತ ಮಾತ್ರ ಸಡಿಲವಾಗಿ ಕಟ್ಟಿ. ಅವು ಬರೀ ಬಟ್ಟೆ ಜೋಲದಂತೆ ಹಿಡಿಯಲಿಕ್ಕೆ, ಭಾರ ಹೊರಲಿಕ್ಕಲ್ಲ.

ಬೆನ್ನುಗಾಳಿಯಲ್ಲಿ ಓಡುವಾಗ ಬೂಮಿನ ತುದಿಯಿಂದ ಒಂದು ಹಗ್ಗವನ್ನು ದೋಣಿಯ ಮೂತಿಗೆ ಒಯ್ದು ಅಲ್ಲಿಂದ ಕಾಕ್‌ಪಿಟ್‌ಗೆ (ಚುಕ್ಕಾಣಿ ಹಿಡಿದು ಕೂರುವ ತಗ್ಗು ಜಾಗ) ತಂದು ಕಟ್ಟಿ. ಇದಕ್ಕೆ ಪ್ರಿವೆಂಟರ್ ಎನ್ನುತ್ತಾರೆ. ಚುಕ್ಕಾಣಿ ಹಿಡಿದವರು ಒಂದು ಗಳಿಗೆ ಮೈಮರೆತರೂ ಬೂಮ್ ತಟ್ಟನೆ ಇನ್ನೊಂದು ಬದಿಗೆ ಬೀಸಿ ತಲೆ ಒಡೆಯದಂತೆ ತಡೆಯುವುದು ಅದೇ.

ಇನ್ನು ಎರಡನೆಯ ಪ್ರಶ್ನೆ. 6 ನಾಟ್ ವೇಗದಲ್ಲಿ ದೋಣಿ ಒಂದು ನಿಮಿಷಕ್ಕೆ 185 ಮೀಟರ್ ದೂರ ಹೋಗಿಬಿಡುತ್ತದೆ. ಒಂದು ಮೀಟರಿನ ಅಲೆಯಲ್ಲೂ ಮನುಷ್ಯನ ತಲೆ ಅಷ್ಟು ದೂರದಿಂದ ಕಾಣುವುದಿಲ್ಲ. ಹಾಗಾಗಿ ಬೀಳದಿರುವುದೇ ಮೊದಲ ಕೆಲಸ: ಮೂತಿಯಿಂದ ಹಿಂಭಾಗದವರೆಗೆ ಡೆಕ್ ಮೇಲೆ ಬಿಗಿದ ಪಟ್ಟಿ, ಅದಕ್ಕೆ ಕೊಕ್ಕೆ ಹಾಕಿದ ಎದೆಪಟ್ಟಿ. ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಕಾಕ್‌ಪಿಟ್ ಬಿಟ್ಟು ಏಳಬಾರದು. ಲೈಫ್ ಜಾಕೆಟ್ 150 ನ್ಯೂಟನ್ ತೇಲುಬಲದ್ದಿರಲಿ, ತೊಡೆಸಂದಿಯ ಪಟ್ಟಿಯನ್ನೂ ಹಾಕಿ. ಅದಿಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೇರಿ ಮುಖ ಮುಚ್ಚುತ್ತದೆ.

ಬಿದ್ದೇಬಿಟ್ಟರೆ: ತೇಲುಬಳೆ ಎಸೆಯಿರಿ, ಜಿಪಿಎಸ್‌ನ ಎಂಒಬಿ (ಆಳು ನೀರಿಗೆ ಬಿದ್ದ ಜಾಗ ಗುರುತಿಡುವ) ಗುಂಡಿ ಒತ್ತಿ, ಪ್ರಿವೆಂಟರ್ ಕಟ್ಟಿದ್ದರೆ ಬಿಚ್ಚಿ, ಜಿಬ್ ಹಗ್ಗ ಮುಟ್ಟದೆ ದೋಣಿ ತಿರುಗಿಸಿ. ಮೇಲೆ ಹೇಳಿದ ನಿಲ್ಲಿಸುವ ಪದ್ಧತಿಯೇ ಇಲ್ಲಿಯೂ ಕೈಹಿಡಿಯುತ್ತದೆ. ವಿಎಚ್‌ಎಫ್ ರೇಡಿಯೋದ ಚಾನೆಲ್ 16ರಲ್ಲಿ ‘ಮೇಡೇ’ ಎಂಬ ಅಪಾಯದ ಕರೆ ಹೇಳಿ. ನೀರಿನಲ್ಲಿ ಹಗ್ಗ ಜೋತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಇಂಜಿನ್ ಹಚ್ಚಿ. ಹತ್ತಿರ ಬಂದಾಗ ನ್ಯೂಟ್ರಲ್. 80 ಕಿಲೋ ಆಳನ್ನು ಕೈಯಿಂದ ಎತ್ತಲು ನಿಮ್ಮಿಂದಲ್ಲ, ಯಾರಿಂದಲೂ ಆಗದು. ಹಾಲ್ಯಾರ್ಡನ್ನು ಅವರ ಎದೆಪಟ್ಟಿಗೆ ಸಿಕ್ಕಿಸಿ ವಿಂಚ್‌ನಿಂದ ಎತ್ತಿ. ಇಲ್ಲವೇ ನಾಲ್ಕು ಸುತ್ತಿನ ರಾಟೆಹಗ್ಗವನ್ನು ಮೊದಲೇ ತಯಾರಿಟ್ಟುಕೊಳ್ಳಿ. ನಮ್ಮ ಕಡಲು ಬೆಚ್ಚಗಿರುವುದರಿಂದ ಚಳಿಗೆ ಸೆಟೆದುಕೊಳ್ಳುವ ಭಯ ಕೂಡಲೇ ಇಲ್ಲ. ನಿಮಗೆ ಸಿಗುವ ಸಮಯ ಅದೇ. ಲಂಗರಿನಲ್ಲಿದ್ದಾಗ ನೀವು ಅವರನ್ನು ಒಮ್ಮೆ ಎತ್ತಿ ನೋಡಿ, ಅವರು ನಿಮ್ಮನ್ನು ಒಮ್ಮೆ.

ಪ್ರಶ್ನೆ: ಟ್ರ್ಯಾಕ್ಟರ್ ರಿಪೇರಿ ಮಾಡೋನು ನಾ. ನಮ್ಮ ತಮ್ಮ ಗೋವಾದಾಗ ಹಾಯಿದೋಣಿ ಮ್ಯಾಲೆ ಕೆಲಸಕ್ಕ ಅದಾನ. ನಿಂತ ನೀರಾಗ ಇಂಜಿನ್ ಚಲೋ ನಡೀತದಂತ, ಗಾಳಿ ಜೋರಾದಾಗೇ ಬಂದ್ ಬೀಳ್ತದಂತ. ಯಾಕ್ರಿ ಹಂಗ?
— ಮೆಕ್ಯಾನಿಕ್, ಜೇವರ್ಗಿ

ಉತ್ತರ: ರೋಗ ನಿಮಗೆ ಗೊತ್ತಿರುವುದೇ, ಡೀಸೆಲ್ ಲೈನ್ ಏರ್ ಹಿಡಿದಿರುತ್ತದೆ ಇಲ್ಲವೇ ಫಿಲ್ಟರ್ ಕಟ್ಟಿರುತ್ತದೆ. ಟ್ಯಾಂಕಿನ ತಳದಲ್ಲಿ ನೀರು ಮತ್ತು ರಾಡಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತವೆ. ಅಲೆಗೆ ದೋಣಿ ಕುಲುಕಿದಾಗ ಎಲ್ಲ ಎದ್ದು ಫಿಲ್ಟರಿಗೆ ಬರುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಿದ್ದು ದೋಣಿ ವಾಲಿದರೆ ಹೀರುವ ಕೊಳವೆಯ ಬಾಯಿಗೆ ಡೀಸೆಲ್ ಬದಲು ಗಾಳಿ ಸಿಗುತ್ತದೆ. ಟ್ಯಾಂಕ್ ತುಂಬಿಡಲಿ, ನೀರು ಬೇರ್ಪಡಿಸುವ ಬಟ್ಟಲನ್ನು ಹೊರಡುವ ಮುಂಚೆ ಖಾಲಿ ಮಾಡಲಿ, ಎರಡೂ ಬಗೆಯ ಫಿಲ್ಟರ್ ಎರಡೆರಡು ಇಟ್ಟುಕೊಳ್ಳಲಿ.

ಬ್ಲೀಡ್ ಮಾಡುವುದು, ಅಂದರೆ ಲೈನಿನ ಏರ್ ಹೊರಬಿಡುವುದು, ಟ್ರ್ಯಾಕ್ಟರಿನಂತೆಯೇ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಲಿಫ್ಟ್ ಪಂಪಿನ ಕೈ ಒತ್ತಿ, ಬಿಗಿ ಮಾಡುವುದು. ಪಂಪಿನ ಕೈ ಸತ್ತಂತಿದ್ದರೆ ಕ್ಯಾಮ್ ಮೇಲೆ ನಿಂತಿದೆ ಎಂದರ್ಥ, ಇಂಜಿನ್ ಅರ್ಧ ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಆದರೆ ನೀವು ಫೋನಿನಲ್ಲಿ ಹೇಳಿಕೊಡುವಾಗ ಮರೆಯಬಾರದ ವ್ಯತ್ಯಾಸ ಒಂದಿದೆ. ದೋಣಿಯ ಸೈಲೆನ್ಸರಿಗೆ ಸಮುದ್ರದ ನೀರು ಹಾಯುತ್ತದೆ, ಹೊಗೆಯೇ ಅದನ್ನು ಹೊರಗೆ ದೂಡಬೇಕು. ಇಂಜಿನ್ ಹತ್ತದೆ ಸೆಲ್ಫ್ ಮಾತ್ರ ಹೊಡೆಯುತ್ತ ಹೋದರೆ ನೀರು ತುಂಬಿ, ಹಿಂದಕ್ಕೆ ಹರಿದು ಸಿಲಿಂಡರಿಗೆ ಇಳಿಯುತ್ತದೆ. ಅಲ್ಲಿಗೆ ಇಂಜಿನ್ ಕಥೆ ಮುಗಿಯಿತು. ಹಾಗಾಗಿ ಬ್ಲೀಡ್ ಮಾಡಿದ ಮೇಲೆ ಸಮುದ್ರದ ನೀರಿನ ಕಾಕ್ ಮುಚ್ಚಿ ಸೆಲ್ಫ್ ಹೊಡೆಯಬೇಕು, ಹತ್ತಿದ ಕೂಡಲೇ ತೆರೆಯಬೇಕು.

ಪ್ರಶ್ನೆ: ನಡುಸಮುದ್ರದಲ್ಲಿ ಮಗುಚದ ದೋಣಿಗಳು ಅಳಿವೆ ಬಾಗಿಲಿಗೆ ಬಂದು ಮಗುಚುವುದೇಕೆ?
— ಶಿಕ್ಷಕರು, ಆಳಂದ

ಉತ್ತರ: ಹೊನ್ನಾವರದ ಶರಾವತಿಯಾಗಲಿ ಗಂಗೊಳ್ಳಿಯ ಅಳಿವೆಯಾಗಲಿ, ನದಿ ಕಡಲು ಸೇರುವಲ್ಲಿ ಮರಳಿನ ದಿಬ್ಬ ಕಟ್ಟುತ್ತದೆ. ಮಳೆಗಾಲ ಮುಗಿದ ಮೇಲೆ ಅದು ಹೋದ ವರ್ಷದ ಜಾಗದಲ್ಲೇ ಇರುತ್ತದೆ ಎನ್ನುವಂತಿಲ್ಲ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ನಿಲ್ಲಲಾರದೆ ಒಡೆಯುತ್ತದೆ. ಒಡೆಯದ ಅಲೆ ದೋಣಿಯನ್ನು ಎತ್ತಿ ಇಳಿಸುತ್ತದೆ, ಒಡೆಯುವ ಅಲೆ ಅಡ್ಡ ತಿರುಗಿಸಿ ಉರುಳಿಸುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಅಲೆಗೆ ಎದುರಾಗಿ ಹರಿಯುವುದರಿಂದ ಅಲೆ ಇನ್ನಷ್ಟು ಕಡಿದಾಗುತ್ತದೆ. ಸಮುದ್ರದ ಕಡೆಯಿಂದ ನೋಡುವವರಿಗೆ ಕಾಣುವುದು ಅಲೆಯ ಬೆನ್ನು, ಹಾಗಾಗಿ ಸಣ್ಣದಾಗಿಯೇ ಕಾಣುತ್ತದೆ.

ಒಳಹೋಗುವುದಿದ್ದರೆ ಉಬ್ಬರ ಪೂರ್ತಿಯಾಗುವ ಹೊತ್ತಿಗೆ, ಸ್ಥಳೀಯ ಮೀನುಗಾರರ ದೋಣಿಯ ಹಿಂದೆ. ಒಂದೂವರೆ ಮೀಟರ್‌ಗಿಂತ ಹೆಚ್ಚು ಆಳಕ್ಕೆ ಇಳಿದ ಕೀಲ್ ಇರುವ ದೋಣಿ, ಜೋರು ಗಾಳಿ, ಗೊತ್ತಿಲ್ಲದ ಅಳಿವೆ ಮೂರೂ ಕೂಡಿದರೆ ಒಳಹೋಗುವುದೇ ಬೇಡ. ಹೊರಗೆ ಅಲೆಯಲ್ಲಿ ಹೊರಳಾಡುತ್ತ ರಾತ್ರಿ ಕಳೆಯುವುದು ವಾಸಿ.

ಪ್ರಶ್ನೆ: ಮಗಳು-ಅಳಿಯ ಹೀಗೇ ಇಬ್ಬರೇ ಕಡಲಿಗೆ ಹೋಗುತ್ತಾರೆ. ಫೋನ್ ಹತ್ತದಿದ್ದರೆ ನಾವು ಯಾವಾಗ ಗಾಬರಿಯಾಗಬೇಕು, ಯಾರಿಗೆ ಹೇಳಬೇಕು?
— ನಿವೃತ್ತರು, ಬೀದರ್

ಉತ್ತರ: ಹೊರಡುವ ಮುಂಚೆ ಅವರಿಂದ ಒಂದು ಹಾಳೆ ಬರೆಸಿಕೊಳ್ಳಿ: ದೋಣಿಯ ಹೆಸರು, ಬಣ್ಣ, ಉದ್ದ, ಹೊರಡುವ ಹೊತ್ತು, ಎಲ್ಲಿ ನಿಲ್ಲಬಹುದು, ಮುಟ್ಟುವ ಹೊತ್ತು, ಕೊನೆಗೆ ‘ಇಷ್ಟರೊಳಗೆ ಸುದ್ದಿ ಬರದಿದ್ದರೆ ಹೇಳಿ’ ಎಂಬ ಗಡುವು. ಗಾಳಿ ಬಿದ್ದರೆ ಹಾಯಿದೋಣಿ ನಾಲ್ಕೈದು ತಾಸು ತಡವಾಗುವುದು ಸಾಮಾನ್ಯ, ಬಸ್ಸಿನ ಲೆಕ್ಕ ಹಾಕಬೇಡಿ. ದಡದಿಂದ ಐದಾರು ಮೈಲಿ ದಾಟಿದರೆ ಮೊಬೈಲ್ ನಂಬುವಂತಿಲ್ಲ. ಗಡುವು ಮೀರಿದರೆ ಮಾತ್ರ ಹಿಂಜರಿಯದೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಿ ಆ ಹಾಳೆ ಓದಿ ಹೇಳಿ.

ದೋಣಿಯಲ್ಲಿ 406 ಮೆಗಾಹರ್ಟ್ಸ್‌ನ ಅಪಾಯ ಸೂಚಕ ಬೀಕನ್ ಇರಲಿ, ಅದರ ನೋಂದಣಿಯೂ ಆಗಿರಲಿ. ಅದರ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬರುತ್ತದೆ. ವಿದೇಶದಿಂದ ತಂದ ಸ್ಯಾಟಲೈಟ್ ಫೋನನ್ನು ಪರವಾನಗಿ ಇಲ್ಲದೆ ಒಯ್ಯುವುದು ನಮ್ಮಲ್ಲಿ ಅಪರಾಧ, ಪ್ರೀತಿಗೆಂದು ಕೊಡಿಸಲು ಹೋಗಬೇಡಿ.

ಪ್ರಶ್ನೆ: ಕೃಷ್ಣೆಯ ಹರಿಗೋಲಿಗೆ ಒಂದು ಹಾಯಿ ಕಟ್ಟಿದರೆ?
— ಯುವಕ, ಸುರಪುರ

ಉತ್ತರ: ಗಿರಗಿರ ತಿರುಗುತ್ತದೆ, ಆಮೇಲೆ ಮಗುಚುತ್ತದೆ. ಹಾಯಿದೋಣಿ ಗಾಳಿಗೆ ಓರೆಯಾಗಿ ಓಡಬಲ್ಲದ್ದು ನೀರಿನೊಳಗಿನ ಕೀಲ್ ಅಡ್ಡಜಾರಿಕೆಯನ್ನು ತಡೆಯುವುದರಿಂದ. ಹರಿಗೋಲು ದುಂಡಗೆ, ತಳ ಚಪ್ಪಟೆ, ಹಿಡಿತವೇ ಇಲ್ಲ. ಬಸವಸಾಗರದಂಥ ಅಗಲ ನೀರಿನಲ್ಲಿ ಗಾಳಿ ಎದ್ದರೆ ನಿಲ್ಲಬೇಡಿ, ತಳಕ್ಕೆ ಕೂತು ಹತ್ತಿರದ ದಂಡೆಗೆ ಹುಟ್ಟು ಹಾಕಿ.

ಪ್ರಶ್ನೆ: ಪಯಣಕ್ಕೆ ಕಡಕ್ ರೊಟ್ಟಿ ಒಯ್ಯಬಹುದೇ? ಅಲೆಗೆ ವಾಂತಿಯಾದರೆ?
— ಗೃಹಿಣಿ, ಶಹಾಪುರ

ಉತ್ತರ: ಅದಕ್ಕಿಂತ ಒಳ್ಳೆಯದು ಇಲ್ಲ. ಒಲೆ ಬೇಡ, ಎಣ್ಣೆ ಇಲ್ಲ, ಒಂದು ಕೈಯಲ್ಲಿ ತಿನ್ನಬಹುದು. ಕಡಲ ಗಾಳಿಗೆ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ, ಆದ್ದರಿಂದ ನಾಲ್ಕು ನಾಲ್ಕು ರೊಟ್ಟಿ ಬೇರೆ ಬೇರೆ ಗಾಳಿಯಾಡದ ಡಬ್ಬಿಯಲ್ಲಿರಲಿ. ಶೇಂಗಾ ಹಿಂಡಿಯ ಖಾರ ಕಡಿಮೆ ಮಾಡಿ. ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್, ಜೊತೆಗೆ ಓಆರ್‌ಎಸ್ ಪೊಟ್ಟಣ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮುಂಚೆಯೇ ನುಂಗಬೇಕು, ಶುರುವಾದ ಮೇಲೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆಲವು ಮಾತ್ರೆ ನಿದ್ದೆ ತರುತ್ತವೆ, ಅದಕ್ಕೇ ಮನೆಯಲ್ಲಿ ಒಮ್ಮೆ ತೆಗೆದುಕೊಂಡು ನೋಡಿ. ಹೊಟ್ಟೆ ತೊಳಸತೊಡಗಿದವರಿಗೆ ಚುಕ್ಕಾಣಿ ಕೊಟ್ಟು ದಿಗಂತ ನೋಡಲು ಹೇಳಿ, ಒಳಗೆ ಕಳಿಸಬೇಡಿ.

ಚಹಾ ಹೊರಡುವಾಗಲೇ ಥರ್ಮಾಸಿಗೆ ಹಾಕಿಕೊಳ್ಳಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನಿಂದ ಹೊರಹೋದೀತು, ದೋಣಿಯಲ್ಲಿ ತಳಕ್ಕಿಳಿದು ಕೂರುತ್ತದೆ, ಒಂದು ಕಿಡಿಗೆ ಕಾಯುತ್ತ. ಒಲೆ ಆರಿಸಿದ ಮೇಲೆ ಸಿಲಿಂಡರಿನ ವಾಲ್ವನ್ನೂ ಪ್ರತಿ ಸಲ ಮುಚ್ಚಿ.